ಐಪಿಎಲ್ ಹರಾಜಿನಲ್ಲಿ ಯಾವ ಪಾತ್ರಕ್ಕೆ ಎಷ್ಟು ಬೆಲೆ? ವಿದರ್ಭ ಆಟಗಾರರ ಏಳುಬೀಳು ಹೇಳುವ ಲೆಕ್ಕಾಚಾರ

ನಾಗ್ಪುರ: 2023ರ ಡಿಸೆಂಬರ್ 19ರಂದು ದುಬೈನಲ್ಲಿ ನಡೆದ ಐಪಿಎಲ್ ಮಿನಿ ಹರಾಜಿನಲ್ಲಿ ವಿದರ್ಭದ ಇಬ್ಬರು ಆಟಗಾರರು ತಲಾ 5.80 ಕೋಟಿ ರೂಪಾಯಿಗೆ ಬಿಕರಿಯಾದರು. ಒಬ್ಬರು 57 ಟೆಸ್ಟ್ ಆಡಿದ್ದ 36 ವರ್ಷದ ವೇಗಿ ಉಮೇಶ್ ಯಾದವ್. ಅವರನ್ನು ಗುಜರಾತ್ ಟೈಟನ್ಸ್ ಖರೀದಿಸಿತು. ಇನ್ನೊಬ್ಬರು ಅಲ್ಲಿಯವರೆಗೆ ಒಂದೂ ಐಪಿಎಲ್ ಪಂದ್ಯ ಆಡಿರದ ಎಡಗೈ ಬ್ಯಾಟರ್ ಶುಭಂ ದುಬೆ. ಅವರು ರಾಜಸ್ಥಾನ್ ರಾಯಲ್ಸ್ ಪಾಲಾದರು. ಉಮೇಶ್ ಮೂಲಬೆಲೆ 2 ಕೋಟಿ, ದುಬೆ ಮೂಲಬೆಲೆ 20 ಲಕ್ಷ.

ಒಂದು ವರ್ಷ ಕಳೆಯುವುದರೊಳಗೆ ಚಿತ್ರ ಬದಲಾಯಿತು. 2024ರ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜೆದ್ದಾದಲ್ಲಿ ನಡೆದ ಮೆಗಾ ಹರಾಜಿನಲ್ಲಿ ಉಮೇಶ್ ಅವರನ್ನು ಯಾರೂ ಕೊಳ್ಳಲಿಲ್ಲ. ಶುಭಂ ದುಬೆ ಮತ್ತೆ ರಾಜಸ್ಥಾನಕ್ಕೇ ಹೋದರು, ಆದರೆ 80 ಲಕ್ಷಕ್ಕೆ. ಅದೇ ಹರಾಜಿನಲ್ಲಿ ವಿದರ್ಭದ ಮತ್ತೊಬ್ಬ ಆಟಗಾರ, ವಿಕೆಟ್ ಕೀಪರ್ ಜಿತೇಶ್ ಶರ್ಮಾ ಅವರಿಗೆ ರಾಯಲ್ ಚಾಲೆಂಜರ್ಸ್ ಬೆಂಗಳೂರು 11 ಕೋಟಿ ರೂಪಾಯಿ ಕೊಟ್ಟಿತು. ಅದಕ್ಕೂ ಹಿಂದಿನ ಅವರ ಹರಾಜು ಬೆಲೆ 20 ಲಕ್ಷ.

ಆಟಗಾರರು ಅವರೇ, ಕೌಶಲವೂ ಹೆಚ್ಚುಕಡಿಮೆ ಅದೇ. ಹಾಗಾದರೆ ಬೆಲೆ ಇಷ್ಟೊಂದು ಏರುಪೇರಾಗುವುದು ಏಕೆ? ಹರಾಜಿನಲ್ಲಿ ಫ್ರಾಂಚೈಸಿಗಳು ಮೊದಲು ಬೆಲೆ ಕಟ್ಟುವುದು ತಂಡದಲ್ಲಿ ಖಾಲಿ ಇರುವ ಪಾತ್ರಕ್ಕೆ. ಆ ಪಾತ್ರಕ್ಕೆ ಹೊಂದುವವರು ಎಷ್ಟು ಜನ ಸಿಗುತ್ತಾರೆ ಎಂಬುದರ ಮೇಲೆ ಆಟಗಾರನ ಮೊತ್ತ ನಿಲ್ಲುತ್ತದೆ. ಈ ಲೆಕ್ಕಾಚಾರದ ಪೂರ್ಣ ವಿವರ ಇಲ್ಲಿದೆ.

ಹರಾಜು ನಡೆಯುವುದು ಹೇಗೆ?

2025ರ ಮೆಗಾ ಹರಾಜಿಗೆ ಪ್ರತಿ ಫ್ರಾಂಚೈಸಿಗೆ ನಿಗದಿಯಾಗಿದ್ದ ಒಟ್ಟು ಮೊತ್ತ 120 ಕೋಟಿ ರೂಪಾಯಿ. ಉಳಿಸಿಕೊಂಡ ಆಟಗಾರರ ಹಣವೂ ಇದರಲ್ಲೇ ಸೇರುತ್ತದೆ. ತಂಡದಲ್ಲಿ ಕನಿಷ್ಠ 18, ಗರಿಷ್ಠ 25 ಆಟಗಾರರು ಇರಬೇಕು. ವಿದೇಶಿಯರು 8ಕ್ಕಿಂತ ಹೆಚ್ಚಿರುವಂತಿಲ್ಲ. ಆಡುವ ಹನ್ನೊಂದರಲ್ಲಿ ವಿದೇಶಿಯರಿಗೆ 4 ಸ್ಥಾನ ಮಾತ್ರ.

ಆಟಗಾರರ ಹೆಸರು ಗುಂಪು ಗುಂಪಾಗಿ ಬರುತ್ತದೆ. ಮೊದಲು ತಾರಾ ಆಟಗಾರರ ಗುಂಪು. ನಂತರ ಅಂತಾರಾಷ್ಟ್ರೀಯ ಪಂದ್ಯ ಆಡಿದವರಲ್ಲಿ ಬ್ಯಾಟರ್, ಆಲ್‌ರೌಂಡರ್, ವಿಕೆಟ್ ಕೀಪರ್, ವೇಗಿ, ಸ್ಪಿನ್ನರ್ ಎಂಬ ವಿಂಗಡಣೆ. ಆಮೇಲೆ ದೇಶಕ್ಕೆ ಆಡದ ಅನ್‌ಕ್ಯಾಪ್ಡ್ ಆಟಗಾರರು, ಅವರಲ್ಲೂ ಇದೇ ಐದು ವಿಂಗಡಣೆ. ಅಂದರೆ ಆಟಗಾರನ ಹೆಸರಿಗೂ ಮೊದಲು ಅವನ ಪಾತ್ರವೇ ಪಟ್ಟಿಯಲ್ಲಿ ಅವನ ಜಾಗವನ್ನು ನಿರ್ಧರಿಸುತ್ತದೆ. ಕೊನೆಯ ಹಂತದಲ್ಲಿ ತಂಡಗಳು ಕೇಳಿದ ಹೆಸರುಗಳನ್ನಷ್ಟೇ ವೇಗವಾಗಿ ಕೂಗಲಾಗುತ್ತದೆ.

ಈ ಕ್ರಮಕ್ಕೂ ಬೆಲೆಗೂ ನೇರ ಸಂಬಂಧವಿದೆ. ಆರಂಭದಲ್ಲಿ ತಂಡಗಳ ಕೈಯಲ್ಲಿ ಹಣ ತುಂಬಿರುತ್ತದೆ. ಕೊನೆಗೆ ಉಳಿಯುವುದು ಚಿಲ್ಲರೆ. ಜೆದ್ದಾದಲ್ಲಿ ಎರಡು ದಿನಗಳಲ್ಲಿ 182 ಆಟಗಾರರಿಗಾಗಿ ಖರ್ಚಾದದ್ದು 639.15 ಕೋಟಿ ರೂಪಾಯಿ. ಇದರಲ್ಲಿ ರಿಷಭ್ ಪಂತ್ (27 ಕೋಟಿ, ಲಖನೌ), ಶ್ರೇಯಸ್ ಅಯ್ಯರ್ (26.75 ಕೋಟಿ, ಪಂಜಾಬ್) ಮತ್ತು ವೆಂಕಟೇಶ್ ಅಯ್ಯರ್ (23.75 ಕೋಟಿ, ಕೋಲ್ಕತ್ತಾ) ಮೂವರ ಪಾಲೇ 77.50 ಕೋಟಿ.

ಬೆಲೆ ನಿರ್ಧರಿಸುವ ನಾಲ್ಕು ಅಂಶಗಳು

* ಕೊರತೆ: ಒಂದು ಪಾತ್ರಕ್ಕೆ ಹತ್ತು ತಂಡಗಳು ಹುಡುಕುತ್ತಿದ್ದು, ತಕ್ಕ ಆಟಗಾರರು ನಾಲ್ವರೇ ಇದ್ದರೆ ಬೆಲೆ ಏರುತ್ತದೆ. ಆಟಗಾರರ ಸಂಖ್ಯೆ ಕಡಿಮೆ ಇರುವ ಮಿನಿ ಹರಾಜಿನಲ್ಲಿ ಈ ಒತ್ತಡ ಇನ್ನೂ ಹೆಚ್ಚು.
* ವಿದೇಶಿಯರ ಮಿತಿ: ನಾಲ್ಕೇ ವಿದೇಶಿಯರು ಆಡಬಹುದಾದ್ದರಿಂದ, ವಿದೇಶಿಯೊಬ್ಬ ಮಾಡಬಹುದಾದ ಅಪರೂಪದ ಕೆಲಸವನ್ನು ಭಾರತೀಯನೇ ಮಾಡಿದರೆ ಅವನಿಗೆ ದುಪ್ಪಟ್ಟು ಬೇಡಿಕೆ.
* ಒಂದೇ ಸ್ಥಾನದಲ್ಲಿ ಎರಡು ಕೆಲಸ: ಕೀಪಿಂಗ್ ಜೊತೆ ಬ್ಯಾಟಿಂಗ್, ಬ್ಯಾಟಿಂಗ್ ಜೊತೆ ನಾಲ್ಕು ಓವರ್. ಹೀಗೆ ಒಂದು ಸ್ಥಾನ ಉಳಿಸಿಕೊಡುವವರಿಗೆ ಹೆಚ್ಚು ಹಣ.
* ಪಂದ್ಯದ ಹಂತ: ಪವರ್‌ಪ್ಲೇ, ನಡುವಿನ ಓವರ್‌ಗಳು, ಡೆತ್ ಓವರ್‌ಗಳು. 120 ಎಸೆತಗಳ ಆಟದಲ್ಲಿ ಯಾವ ಹಂತವನ್ನು ನಿಭಾಯಿಸಬಲ್ಲ ಎಂಬುದು ಒಟ್ಟು ರನ್ ಅಥವಾ ವಿಕೆಟ್‌ಗಿಂತ ಮುಖ್ಯವಾಗುತ್ತದೆ.

ವಿಕೆಟ್ ಕೀಪರ್-ಬ್ಯಾಟರ್: ಅತಿ ಹೆಚ್ಚು ಬೇಡಿಕೆ

2025ರ ಆವೃತ್ತಿಗೆ ಮೊದಲು ತಂಡಗಳು ಉಳಿಸಿಕೊಂಡ ಆಟಗಾರರಲ್ಲಿ ಅಗ್ರ ಮೂವರು ಹೆನ್ರಿಕ್ ಕ್ಲಾಸೆನ್ (23 ಕೋಟಿ), ವಿರಾಟ್ ಕೊಹ್ಲಿ (21 ಕೋಟಿ) ಮತ್ತು ನಿಕೋಲಸ್ ಪೂರನ್ (21 ಕೋಟಿ). ಇವರಲ್ಲಿ ಇಬ್ಬರು ವಿಕೆಟ್ ಕೀಪರ್-ಬ್ಯಾಟರ್‌ಗಳು. ಹರಾಜಿನಲ್ಲೂ ಪಂತ್ ಅವರ ನಂತರ ಜೋಸ್ ಬಟ್ಲರ್ (15.75 ಕೋಟಿ), ಕನ್ನಡಿಗ ಕೆ.ಎಲ್. ರಾಹುಲ್ (14 ಕೋಟಿ), ಫಿಲ್ ಸಾಲ್ಟ್ (11.50 ಕೋಟಿ), ಇಶಾನ್ ಕಿಶನ್ (11.25 ಕೋಟಿ) ಮತ್ತು ಜಿತೇಶ್ (11 ಕೋಟಿ) ಹತ್ತು ಕೋಟಿ ದಾಟಿದರು.

ಆದರೆ ಕೀಪರ್‌ಗಳಲ್ಲೂ ಎಲ್ಲರಿಗೂ ಒಂದೇ ಬೆಲೆ ಇಲ್ಲ. ಕೀಪರ್‌ಗಳಲ್ಲಿ ಬಹುತೇಕರು ಆರಂಭಿಕರಾಗಿ ಆಡಲು ಬಯಸುತ್ತಾರೆ. ಐದು, ಆರನೇ ಕ್ರಮಾಂಕದಲ್ಲಿ ಇಳಿದು ಮೊದಲ ಎಸೆತದಿಂದಲೇ ಹೊಡೆಯಬಲ್ಲ ಭಾರತೀಯ ಕೀಪರ್‌ಗಳು ಬೆರಳೆಣಿಕೆಯಷ್ಟು. ಅಮರಾವತಿಯ ಜಿತೇಶ್ ಈ ಜಾಗಕ್ಕೆ ಹೊಂದುವವರು. 2022 ಮತ್ತು 2023ರಲ್ಲಿ ಪಂಜಾಬ್ ಕಿಂಗ್ಸ್ ಪರ ಅವರ ಸ್ಟ್ರೈಕ್‌ರೇಟ್ 150ರ ಮೇಲಿತ್ತು. ಜೆದ್ದಾದಲ್ಲಿ ಆರ್‌ಸಿಬಿ ಬಿಡ್ 7 ಕೋಟಿಗೆ ನಿಂತಾಗ ಪಂಜಾಬ್ ತನ್ನ ರೈಟ್ ಟು ಮ್ಯಾಚ್ ಹಕ್ಕು ಬಳಸಲು ಮುಂದಾಯಿತು. ಹೊಸ ನಿಯಮದಂತೆ ಕೊನೆಯ ಬಾರಿಗೆ ಮೊತ್ತ ಏರಿಸುವ ಅವಕಾಶ ಆರ್‌ಸಿಬಿಗೆ ಸಿಕ್ಕಿತು. ಬೆಂಗಳೂರು ತಂಡ ಒಂದೇ ಜಿಗಿತಕ್ಕೆ 11 ಕೋಟಿ ಎಂದಿತು, ಪಂಜಾಬ್ ಹಿಂದೆ ಸರಿಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ವಿದರ್ಭದಲ್ಲೇ ಇದೆ. 2024-25ರ ರಣಜಿ ಟ್ರೋಫಿಯಲ್ಲಿ ವಿದರ್ಭದ ನಾಯಕ ಮತ್ತು ವಿಕೆಟ್ ಕೀಪರ್ ಅಕ್ಷಯ್ ವಾಡ್ಕರ್. 2017-18ರ ಫೈನಲ್‌ನಲ್ಲಿ ದೆಹಲಿ ವಿರುದ್ಧ 133 ರನ್ ಹೊಡೆದು ತಂಡಕ್ಕೆ ಮೊದಲ ರಣಜಿ ಪ್ರಶಸ್ತಿ ತಂದುಕೊಟ್ಟವರಲ್ಲಿ ಅವರೂ ಒಬ್ಬರು. ನಾಲ್ಕು ದಿನಗಳ ಆಟದಲ್ಲಿ ಜಿತೇಶ್‌ಗಿಂತ ವಾಡ್ಕರ್ ಅವರೇ ತಂಡದ ಮೊದಲ ಆಯ್ಕೆಯಾಗಿದ್ದರು. ಆದರೆ 2025ರ ಐಪಿಎಲ್‌ನ ಹತ್ತು ತಂಡಗಳಲ್ಲಿ ಯಾವುದರಲ್ಲೂ ವಾಡ್ಕರ್ ಇರಲಿಲ್ಲ. ಇಬ್ಬರೂ ಕೀಪರ್‌ಗಳೇ, ಆದರೆ ಐಪಿಎಲ್ ಹುಡುಕುತ್ತಿದ್ದ ಪಾತ್ರ ಒಬ್ಬರಿಗೆ ಮಾತ್ರ ಹೊಂದುತ್ತಿತ್ತು.

ಆಲ್‌ರೌಂಡರ್: ಹರಾಜಿನ ಹಳೆಯ ರಾಜ

2012ರಿಂದ 2018ರವರೆಗೆ ಸತತ ಏಳು ಹರಾಜುಗಳಲ್ಲಿ ಅತಿ ದುಬಾರಿ ಆಟಗಾರ ಆಲ್‌ರೌಂಡರೇ ಆಗಿದ್ದರು. ರವೀಂದ್ರ ಜಡೇಜ, ಗ್ಲೆನ್ ಮ್ಯಾಕ್ಸ್‌ವೆಲ್, ಎರಡು ಬಾರಿ ಯುವರಾಜ್ ಸಿಂಗ್, ಶೇನ್ ವಾಟ್ಸನ್, ಎರಡು ಬಾರಿ ಬೆನ್ ಸ್ಟೋಕ್ಸ್. ನಂತರವೂ 2021ರಲ್ಲಿ ಕ್ರಿಸ್ ಮಾರಿಸ್ (16.25 ಕೋಟಿ), 2023ರ ಆವೃತ್ತಿಗೆ ಸ್ಯಾಮ್ ಕರನ್ (18.50 ಕೋಟಿ) ಅದೇ ಸಾಲಿಗೆ ಸೇರಿದರು. 2025ರ ಡಿಸೆಂಬರ್ 16ರಂದು ಅಬುಧಾಬಿಯಲ್ಲಿ ನಡೆದ ಮಿನಿ ಹರಾಜಿನಲ್ಲಿ ಕ್ಯಾಮರೂನ್ ಗ್ರೀನ್ ಅವರಿಗೆ ಕೋಲ್ಕತ್ತಾ 25.20 ಕೋಟಿ ಬಿಡ್ ಮಾಡಿತು. ಮಿನಿ ಹರಾಜಿನಲ್ಲಿ ವಿದೇಶಿ ಆಟಗಾರನಿಗೆ 18 ಕೋಟಿ ಮಿತಿ ಇರುವುದರಿಂದ ಉಳಿದ ಹಣ ಬಿಸಿಸಿಐ ಕಲ್ಯಾಣ ನಿಧಿಗೆ ಹೋಗುತ್ತದೆ.

2023ರಲ್ಲಿ ಬಂದ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಆಲ್‌ರೌಂಡರ್‌ಗಳ ಮಹತ್ವ ತಗ್ಗಿಸಿದೆ ಎಂಬ ವಾದವಿದೆ. ಪಂದ್ಯದ ನಡುವೆ ಬ್ಯಾಟರ್ ಬದಲು ಬೌಲರ್‌ನನ್ನು ಇಳಿಸಬಹುದಾದರೆ ಎರಡೂ ಕೆಲಸ ಬಲ್ಲವನ ಅಗತ್ಯ ಕಡಿಮೆಯಾಗುತ್ತದೆ. ಈ ನಿಯಮ ಭಾರತೀಯ ಆಲ್‌ರೌಂಡರ್‌ಗಳ ಬೆಳವಣಿಗೆಗೆ ಅಡ್ಡಿ ಎಂದು ರೋಹಿತ್ ಶರ್ಮಾ 2024ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು. ಆದರೂ ಅಬುಧಾಬಿಯಲ್ಲಿ ಚೆನ್ನೈ ಸೂಪರ್ ಕಿಂಗ್ಸ್ ತಲಾ 14.20 ಕೋಟಿ ಕೊಟ್ಟ ಇಬ್ಬರು ಅನ್‌ಕ್ಯಾಪ್ಡ್ ಆಟಗಾರರಲ್ಲಿ ಪ್ರಶಾಂತ್ ವೀರ್ ಎಡಗೈ ಸ್ಪಿನ್ ಆಲ್‌ರೌಂಡರ್, ಕಾರ್ತಿಕ್ ಶರ್ಮಾ ವಿಕೆಟ್ ಕೀಪರ್-ಬ್ಯಾಟರ್. ಇಬ್ಬರ ಮೂಲಬೆಲೆಯೂ 30 ಲಕ್ಷ. ಒಂದೇ ಸ್ಥಾನದಲ್ಲಿ ಎರಡು ಕೆಲಸ ಮಾಡುವವರ ಮೋಹ ತಂಡಗಳಿಗೆ ಇನ್ನೂ ಹೋಗಿಲ್ಲ.

ಈ ಮೋಹ ಕೈಕೊಟ್ಟದ್ದೂ ಉಂಟು. ಕರ್ನಾಟಕದ ಆಫ್ ಸ್ಪಿನ್ ಆಲ್‌ರೌಂಡರ್ ಕೃಷ್ಣಪ್ಪ ಗೌತಮ್ 2021ರಲ್ಲಿ 9.25 ಕೋಟಿಗೆ ಚೆನ್ನೈ ಸೇರಿದಾಗ, ಅದು ಆವರೆಗೆ ಅನ್‌ಕ್ಯಾಪ್ಡ್ ಆಟಗಾರನಿಗೆ ಸಿಕ್ಕ ಅತಿ ದೊಡ್ಡ ಮೊತ್ತವಾಗಿತ್ತು. ಆ ವರ್ಷ ಅವರಿಗೆ ಒಂದು ಪಂದ್ಯ ಆಡುವ ಅವಕಾಶವೂ ಸಿಗಲಿಲ್ಲ. ಮರುವರ್ಷ ಲಖನೌ ಅವರನ್ನು ಕೊಂಡದ್ದು 90 ಲಕ್ಷಕ್ಕೆ.

ವೇಗದ ಬೌಲರ್: ಭಾರತೀಯನಾದರೆ ಬೆಲೆ ಬೇರೆ

ವೇಗಿಗಳ ಬೆಲೆಯಲ್ಲಿ ಎರಡು ವಿಷಯ ಎದ್ದು ಕಾಣುತ್ತವೆ. ಮೊದಲನೆಯದು ಎಡಗೈ ವೇಗಿಗಳು. ಮಿಚೆಲ್ ಸ್ಟಾರ್ಕ್ 2023ರ ಡಿಸೆಂಬರ್‌ನಲ್ಲಿ 24.75 ಕೋಟಿಗೆ ಹೋದರು, ಅರ್ಷದೀಪ್ ಸಿಂಗ್ ಜೆದ್ದಾದಲ್ಲಿ 18 ಕೋಟಿಗೆ. ಎರಡನೆಯದು, ಕೊನೆಯ ಓವರ್‌ಗಳಲ್ಲಿ ಯಾರ್ಕರ್ ಹಾಕಬಲ್ಲ ಭಾರತೀಯರು. ಟಿ. ನಟರಾಜನ್ 10.75 ಕೋಟಿ ಗಳಿಸಿದ್ದು ಈ ಕೆಲಸದಿಂದಲೇ. ಕರ್ನಾಟಕದ ಪ್ರಸಿದ್ಧ ಕೃಷ್ಣ 9.50 ಕೋಟಿಗೆ ಗುಜರಾತ್ ಸೇರಿದರು.

ಉಮೇಶ್ ಯಾದವ್ ಐಪಿಎಲ್‌ನಲ್ಲಿ 140ಕ್ಕೂ ಹೆಚ್ಚು ವಿಕೆಟ್ ಪಡೆದವರು. ಅವರ ಬಲ ಇರುವುದು ಹೊಸ ಚೆಂಡಿನಲ್ಲಿ, ಪವರ್‌ಪ್ಲೇಯಲ್ಲಿ. 2018ರಲ್ಲಿ ಆರ್‌ಸಿಬಿ 4.20 ಕೋಟಿ, 2021ರಲ್ಲಿ ಡೆಲ್ಲಿ 1 ಕೋಟಿ, 2022ರಲ್ಲಿ ಕೋಲ್ಕತ್ತಾ 2 ಕೋಟಿ, 2023ರ ಡಿಸೆಂಬರ್‌ನಲ್ಲಿ ಗುಜರಾತ್ 5.80 ಕೋಟಿ. ಹರಾಜಿನಿಂದ ಹರಾಜಿಗೆ ಅವರ ಬೆಲೆ ಹೀಗೆ ಏರಿಳಿದಿದೆ. ಮಿನಿ ಹರಾಜಿನಲ್ಲಿ ಅನುಭವಿ ಭಾರತೀಯ ವೇಗಿಗಳು ಕಡಿಮೆ ಇದ್ದಾಗ ಬೆಲೆ ಏರಿತು. ಮೆಗಾ ಹರಾಜಿನಲ್ಲಿ ಸಿರಾಜ್, ಶಮಿ, ಭುವನೇಶ್ವರ್, ಚಾಹರ್, ಆವೇಶ್ ಎಲ್ಲರೂ ಒಟ್ಟಿಗೆ ಬಂದಾಗ 37 ವರ್ಷದ ಉಮೇಶ್ ಅವರ 2 ಕೋಟಿ ಮೂಲಬೆಲೆ ಭಾರವಾಯಿತು.

ಅದೇ ಹರಾಜಿನಲ್ಲಿ ವಿದರ್ಭದ ಕಿರಿಯ ವೇಗಿ ಯಶ್ ಠಾಕೂರ್ 1.60 ಕೋಟಿಗೆ ಪಂಜಾಬ್ ಸೇರಿದರು. 2023ರ ಆವೃತ್ತಿಗೆ ಅವರ ಬೆಲೆ 45 ಲಕ್ಷವಾಗಿತ್ತು. ನಡುವೆ 2024ರ ಏಪ್ರಿಲ್‌ನಲ್ಲಿ ಲಖನೌ ಪರ ಗುಜರಾತ್ ವಿರುದ್ಧ 30 ರನ್‌ಗೆ 5 ವಿಕೆಟ್ ಕಿತ್ತಿದ್ದರು.

ಅಗ್ರ ಕ್ರಮಾಂಕದ ಬ್ಯಾಟರ್: ರನ್ ಹೆಚ್ಚು, ಬೆಲೆ ಕಡಿಮೆ

ಟಿ20ಯಲ್ಲಿ ಹೆಚ್ಚು ಎಸೆತ ಎದುರಿಸುವವರು ಮೊದಲ ಮೂರು ಕ್ರಮಾಂಕದವರು. ಹೀಗಾಗಿ ಅವರಿಗೇ ಹೆಚ್ಚು ಬೆಲೆ ಸಿಗಬೇಕು ಎನ್ನಿಸುವುದು ಸಹಜ. ಕೊಹ್ಲಿಯಂಥ ತಾರೆಯರ ವಿಷಯದಲ್ಲಿ ಅದು ನಿಜ. ಅವರ ಕೆಳಗಿನ ಹಂತದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಭಾರತದ ದೇಸಿ ಕ್ರಿಕೆಟ್‌ನಲ್ಲಿ ಅಗ್ರ ಕ್ರಮಾಂಕದ ಬ್ಯಾಟರ್‌ಗಳಿಗೆ ಬರವಿಲ್ಲ. ಪ್ರತಿ ರಾಜ್ಯದಲ್ಲೂ ಮೂರ್ನಾಲ್ಕು ಮಂದಿ ಸಿಗುತ್ತಾರೆ.

ಕರ್ನಾಟಕದವರೇ ಇದಕ್ಕೆ ಸಾಕ್ಷಿ. 2022ರಲ್ಲಿ 7.75 ಕೋಟಿಗೆ ರಾಜಸ್ಥಾನ ಸೇರಿದ್ದ ದೇವದತ್ ಪಡಿಕ್ಕಲ್, ಜೆದ್ದಾದಲ್ಲಿ ಮೊದಲ ಸುತ್ತಿನಲ್ಲಿ ಬಿಕರಿಯಾಗದೆ ಕೊನೆಗೆ 2 ಕೋಟಿಗೆ ಆರ್‌ಸಿಬಿ ಪಾಲಾದರು. ಮಯಂಕ್ ಅಗರ್ವಾಲ್ ಅವರನ್ನು ಯಾರೂ ಕೊಳ್ಳಲಿಲ್ಲ. ಪಡಿಕ್ಕಲ್ ಗಾಯಗೊಂಡಾಗ ಬದಲಿ ಆಟಗಾರನಾಗಿ ಅವರು ಆರ್‌ಸಿಬಿಗೆ ಬಂದರು.

ಕರುಣ್ ನಾಯರ್ ಅವರ ಹಾದಿ ಇನ್ನೂ ವಿಚಿತ್ರ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ರನ್ ಬಾರಿಸಿದ್ದ ಅವರಿಗೆ 2018ರಲ್ಲಿ ಪಂಜಾಬ್ 5.60 ಕೋಟಿ ಕೊಟ್ಟಿತ್ತು. ಕರ್ನಾಟಕ ತಂಡದಲ್ಲಿ ಸ್ಥಾನ ಕಳೆದುಕೊಂಡ ಬಳಿಕ 2023ರಲ್ಲಿ ಅವರು ನಾಗ್ಪುರದ ದಾರಿ ಹಿಡಿದರು. 2024ರ ಮಹಾರಾಜ ಟ್ರೋಫಿಯಲ್ಲಿ ಮೈಸೂರು ವಾರಿಯರ್ಸ್ ತಂಡವನ್ನು ಮುನ್ನಡೆಸಿ ಪ್ರಶಸ್ತಿ ಗೆದ್ದರು, 560 ರನ್ ಗಳಿಸಿದರು. ಜೆದ್ದಾದಲ್ಲಿ ಅವರಿಗೆ ಸಿಕ್ಕಿದ್ದು 50 ಲಕ್ಷ, ಡೆಲ್ಲಿ ಕ್ಯಾಪಿಟಲ್ಸ್‌ನಿಂದ.

ಹರಾಜು ಮುಗಿದ ಕೆಲವೇ ವಾರಗಳಲ್ಲಿ ಶುರುವಾದ ವಿಜಯ್ ಹಜಾರೆ ಟ್ರೋಫಿಯಲ್ಲಿ ವಿದರ್ಭ ನಾಯಕರಾಗಿ ಕರುಣ್ ಗಳಿಸಿದ್ದು 779 ರನ್, ಐದು ಶತಕ, ಸರಾಸರಿ 389.50. ವಡೋದರದ ಫೈನಲ್‌ನಲ್ಲಿ ಅವರ ತಂಡ ಸೋತದ್ದು ಅವರದೇ ಹಳೆಯ ತಂಡ ಕರ್ನಾಟಕಕ್ಕೆ, 36 ರನ್‌ಗಳಿಂದ. 2025ರ ಏಪ್ರಿಲ್ 13ರಂದು ಮುಂಬೈ ವಿರುದ್ಧ ಇಂಪ್ಯಾಕ್ಟ್ ಪ್ಲೇಯರ್ ಆಗಿ ಇಳಿದು 40 ಎಸೆತಗಳಲ್ಲಿ 89 ರನ್ ಸಿಡಿಸಿದರು. ಅದೇ ವರ್ಷ ಇಂಗ್ಲೆಂಡ್ ಪ್ರವಾಸದ ಟೆಸ್ಟ್ ತಂಡಕ್ಕೂ ಮರಳಿದರು. ಹರಾಜು ಎರಡು ತಿಂಗಳು ತಡವಾಗಿ ನಡೆದಿದ್ದರೆ ಅವರ ಬೆಲೆ ಬೇರೆಯೇ ಇರುತ್ತಿತ್ತೇನೋ. ಬೆಲೆ ನಿರ್ಧಾರದಲ್ಲಿ ದಿನಾಂಕಕ್ಕೂ ಪಾಲಿದೆ.

ಫಿನಿಶರ್: ಕಡಿಮೆ ರನ್‌ಗೂ ದೊಡ್ಡ ಮೊತ್ತ

ಶುಭಂ ದುಬೆ ಅವರ 5.80 ಕೋಟಿಯ ಹಿಂದಿನ ಕಾರಣ ಈಗ ಸ್ಪಷ್ಟವಾಗುತ್ತದೆ. ಹರಾಜಿಗೆ ಮೊದಲು ನಡೆದ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯಲ್ಲಿ ಅವರು ಗಳಿಸಿದ್ದು 222 ರನ್ ಮಾತ್ರ. ಆದರೆ ಸ್ಟ್ರೈಕ್‌ರೇಟ್ 187 ದಾಟಿತ್ತು. ಕೊನೆಯ ಐದು ಓವರ್‌ಗಳಲ್ಲಿ ಹೊಡೆಯಬಲ್ಲ ಭಾರತೀಯ ಎಡಗೈ ಬ್ಯಾಟರ್ ಎಂಬ ಖಾಲಿ ಜಾಗಕ್ಕೆ ತಂಡಗಳು ಪೈಪೋಟಿಗೆ ಬಿದ್ದವು. ಸಾಮಾನ್ಯವಾಗಿ ಈ ಕೆಲಸಕ್ಕೆ ಟಿಮ್ ಡೇವಿಡ್, ಶಿಮ್ರಾನ್ ಹೆಟ್ಮೆಯರ್ ಅವರಂಥ ವಿದೇಶಿಯರನ್ನು ಇಡಬೇಕಾಗುತ್ತದೆ. ಭಾರತೀಯ ಸಿಕ್ಕರೆ ಒಂದು ವಿದೇಶಿ ಸ್ಥಾನ ವೇಗಿಗೆ ಉಳಿಯುತ್ತದೆ.

ಈ ಪಾತ್ರದ ಅಪಾಯವೂ ಇಲ್ಲೇ ಇದೆ. ಫಿನಿಶರ್‌ಗೆ ಪಂದ್ಯಕ್ಕೆ ಸಿಗುವುದು ಹತ್ತು, ಹದಿನೈದು ಎಸೆತ. ಕೆಲವು ಪಂದ್ಯಗಳಲ್ಲಿ ಅದೂ ಇಲ್ಲ. ತನ್ನನ್ನು ತಾನು ಸಾಬೀತುಪಡಿಸಲು ಬೇಕಾದ ಅವಕಾಶ ಸಿಗುವ ಮೊದಲೇ ಮುಂದಿನ ಹರಾಜು ಬಂದಿರುತ್ತದೆ. 5.80 ಕೋಟಿ 80 ಲಕ್ಷವಾದದ್ದು ಹೀಗೆ.

ಸ್ಪಿನ್ನರ್ ಮತ್ತು ಕೆಂಪು ಚೆಂಡಿನ ಸಾಧಕರು

ಸ್ಪಿನ್ನರ್‌ಗಳಲ್ಲಿ ಮಣಿಕಟ್ಟು ತಿರುಗಿಸುವವರಿಗೆ ಮೊದಲ ಮನ್ನಣೆ. ಯಜುವೇಂದ್ರ ಚಾಹಲ್ ಜೆದ್ದಾದಲ್ಲಿ 18 ಕೋಟಿಗೆ ಪಂಜಾಬ್ ಸೇರಿದರು. ಬೆರಳಿನ ಸ್ಪಿನ್ನರ್‌ಗಳು ಬ್ಯಾಟಿಂಗನ್ನೂ ತಂದರೆ ಮಾತ್ರ ಬೆಲೆ ಏರುತ್ತದೆ.

ನಾಗ್ಪುರದ ಹರ್ಷ್ ದುಬೆ 2024-25ರ ರಣಜಿಯಲ್ಲಿ 69 ವಿಕೆಟ್ ಪಡೆದರು. ಒಂದೇ ಆವೃತ್ತಿಯಲ್ಲಿ ಅಷ್ಟು ವಿಕೆಟ್ ಅದುವರೆಗೆ ಯಾರೂ ಪಡೆದಿರಲಿಲ್ಲ. ಹಿಂದಿನ ದಾಖಲೆ ಅಶುತೋಷ್ ಅಮನ್ ಅವರ 68. ಎಡಗೈ ಸ್ಪಿನ್ ಜೊತೆಗೆ 476 ರನ್ ಕೂಡ ಗಳಿಸಿ ಟೂರ್ನಿಯ ಶ್ರೇಷ್ಠ ಆಟಗಾರ ಎನಿಸಿದರು. ಆದರೆ ಜೆದ್ದಾ ಹರಾಜಿನಲ್ಲಿ ಅವರು ಯಾವ ತಂಡಕ್ಕೂ ಹೋಗಲಿಲ್ಲ. 2025ರ ಮೇ ತಿಂಗಳಲ್ಲಿ ಸನ್‌ರೈಸರ್ಸ್ ಹೈದರಾಬಾದ್ 30 ಲಕ್ಷಕ್ಕೆ ಅವರನ್ನು ಬದಲಿ ಆಟಗಾರನಾಗಿ ಕರೆಸಿಕೊಂಡಿತು. ಅವರು ಬಂದದ್ದು ಗಾಯಗೊಂಡ ಕರ್ನಾಟಕದ ಬ್ಯಾಟರ್ ಸ್ಮರಣ್ ರವಿಚಂದ್ರನ್ ಜಾಗಕ್ಕೆ. ವಿಜಯ್ ಹಜಾರೆ ಫೈನಲ್‌ನಲ್ಲಿ ವಿದರ್ಭ ವಿರುದ್ಧ ಶತಕ ಹೊಡೆದಿದ್ದವರು ಇದೇ ಸ್ಮರಣ್.

ಅದೇ ರಣಜಿ ಆವೃತ್ತಿಯಲ್ಲಿ 960 ರನ್ ಗಳಿಸಿ ದೇಶದಲ್ಲೇ ಮೊದಲ ಸ್ಥಾನ ಪಡೆದವರು ವಿದರ್ಭದ ಯಶ್ ರಾಥೋಡ್. 2025ರ ಐಪಿಎಲ್‌ನಲ್ಲಿ ಅವರಿಗೂ ತಂಡವಿರಲಿಲ್ಲ. ನಾಗ್ಪುರದ ಜಾಮ್ಠಾ ಮೈದಾನದಲ್ಲಿ 2025ರ ಮಾರ್ಚ್ 2ರಂದು ಕೇರಳ ವಿರುದ್ಧ ಮೊದಲ ಇನಿಂಗ್ಸ್ ಮುನ್ನಡೆಯ ಆಧಾರದಲ್ಲಿ ವಿದರ್ಭ ಮೂರನೇ ಬಾರಿ ರಣಜಿ ಟ್ರೋಫಿ ಗೆದ್ದಾಗ, ಗೆಲುವಿಗೆ ಮುಖ್ಯ ಕಾರಣರಾದ ವಾಡ್ಕರ್, ರಾಥೋಡ್, ಹರ್ಷ್ ದುಬೆ ಮೂವರಲ್ಲಿ ಒಬ್ಬರ ಬಳಿಯೂ ಐಪಿಎಲ್ ಒಪ್ಪಂದ ಇರಲಿಲ್ಲ.

ಹಣದ ಅಂತರ ಎಷ್ಟು?

ರಣಜಿಯಲ್ಲಿ 40ಕ್ಕೂ ಹೆಚ್ಚು ಪಂದ್ಯ ಆಡಿದವರಿಗೆ ದಿನಕ್ಕೆ 60,000 ರೂಪಾಯಿ, 21ರಿಂದ 40 ಪಂದ್ಯ ಆಡಿದವರಿಗೆ 50,000, ಅದಕ್ಕಿಂತ ಕಡಿಮೆ ಆಡಿದವರಿಗೆ 40,000 ರೂಪಾಯಿ ಶುಲ್ಕವಿದೆ. 2024-25ರಲ್ಲಿ ಚಾಂಪಿಯನ್ ತಂಡ ಆಡಿದ್ದು ಏಳು ಲೀಗ್ ಪಂದ್ಯ ಮತ್ತು ಮೂರು ನಾಕೌಟ್ ಪಂದ್ಯ. ಲೀಗ್ ಪಂದ್ಯಕ್ಕೆ ನಾಲ್ಕು ದಿನ, ನಾಕೌಟ್‌ಗೆ ಐದು ದಿನ. ಒಟ್ಟು 43 ದಿನ. ಎಲ್ಲ ಪಂದ್ಯಗಳಲ್ಲೂ ಆಡಿದ, ಅತಿ ಮೇಲಿನ ಶ್ರೇಣಿಯ ಆಟಗಾರನ ಶುಲ್ಕ 25.80 ಲಕ್ಷ ರೂಪಾಯಿ ಆಗುತ್ತದೆ. ಕೆಳಗಿನ ಶ್ರೇಣಿಯವನಿಗೆ 17.20 ಲಕ್ಷ. ಗೆದ್ದ ತಂಡಕ್ಕೆ ಸಿಗುವ ಬಹುಮಾನದ ಪಾಲು ಬೇರೆ.

ಐಪಿಎಲ್‌ನಲ್ಲಿ 2025ರ ಕನಿಷ್ಠ ಬೆಲೆಯೇ 30 ಲಕ್ಷ. ಒಂದೂ ಪಂದ್ಯ ಆಡದೆ ಎರಡು ತಿಂಗಳು ಬೆಂಚಿನಲ್ಲಿ ಕುಳಿತರೂ ಆ ಹಣ ಸಿಗುತ್ತದೆ. ಆಡಿದರೆ ಪಂದ್ಯವೊಂದಕ್ಕೆ 7.50 ಲಕ್ಷ ಹೆಚ್ಚುವರಿ. ಹೀಗಾಗಿ ಹದಿನೇಳು, ಹದಿನೆಂಟರ ಹುಡುಗ ಯಾವ ಕೌಶಲವನ್ನು ರೂಢಿಸಿಕೊಳ್ಳಬೇಕು ಎಂಬ ಪ್ರಶ್ನೆ ಈಗ ಜೀವನೋಪಾಯದ ಪ್ರಶ್ನೆಯೂ ಆಗಿದೆ. ದಿನವಿಡೀ ಕ್ರೀಸ್‌ನಲ್ಲಿ ನಿಲ್ಲುವುದನ್ನು ಕಲಿತವನಿಗಿಂತ ಹತ್ತು ಎಸೆತದಲ್ಲಿ ಮೂರು ಸಿಕ್ಸರ್ ಹೊಡೆಯುವುದನ್ನು ಕಲಿತವನಿಗೆ ಮಾರುಕಟ್ಟೆ ದೊಡ್ಡದು. ಆದರೆ ಭಾರತ ಟೆಸ್ಟ್ ತಂಡಕ್ಕೆ ಬೇಕಾದದ್ದು ಮೊದಲನೆಯವನು.

ಬೇರೆ ಕ್ರೀಡೆಗಳಲ್ಲಿ ಹೇಗೆ?

ಪಾತ್ರ ನೋಡಿ ಬೆಲೆ ಕಟ್ಟುವ ಪದ್ಧತಿ ಕ್ರಿಕೆಟ್‌ಗೆ ಸೀಮಿತವಲ್ಲ. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಕಾಲೇಜು ಆಟಗಾರರನ್ನು ಡ್ರಾಫ್ಟ್ ಮೂಲಕ ಆರಿಸಿಕೊಳ್ಳುತ್ತಾರೆ. ಅಲ್ಲಿ ಹಣದ ಬಿಡ್ ಇಲ್ಲ. ಹಿಂದಿನ ವರ್ಷ ಕೊನೆಯ ಸ್ಥಾನ ಪಡೆದ ತಂಡಕ್ಕೆ ಮೊದಲ ಆಯ್ಕೆಯ ಅವಕಾಶ. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ಕೋಚ್ ಜಿಮ್ಮಿ ಜಾನ್ಸನ್ ಕಾಲದಲ್ಲಿ ಪ್ರತಿ ಆಯ್ಕೆಗೂ ಅಂಕ ಕೊಡುವ ಪಟ್ಟಿ ತಯಾರಾಯಿತು. ಅದರಲ್ಲಿ ಮೊದಲ ಆಯ್ಕೆಗೆ 3,000 ಅಂಕ, 32ನೆಯದಕ್ಕೆ 590.

ಆ ಅಮೂಲ್ಯ ಮೊದಲ ಆಯ್ಕೆ ಹೆಚ್ಚಾಗಿ ಹೋಗುವುದು ಆಟ ಕಟ್ಟುವ ಕ್ವಾರ್ಟರ್‌ಬ್ಯಾಕ್‌ಗೆ. 2024ರಲ್ಲಿ ಕೇಲೆಬ್ ವಿಲಿಯಮ್ಸ್, 2025ರಲ್ಲಿ ಕ್ಯಾಮ್ ವಾರ್ಡ್ ಹೀಗೆ ಆಯ್ಕೆಯಾದವರು. ನಂತರದ ಬೇಡಿಕೆ ಕ್ವಾರ್ಟರ್‌ಬ್ಯಾಕ್ ಅನ್ನು ಕಾಯುವವರಿಗೆ ಮತ್ತು ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರಿಗೆ. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಕಣ್ಣಿಗೆ ಹಬ್ಬವಾದರೂ ಬೆಲೆಯಲ್ಲಿ ಹಿಂದೆ. ಅವರ ವೃತ್ತಿಜೀವನ ಚಿಕ್ಕದು, ಬದಲಿಗಳು ಸುಲಭವಾಗಿ ಸಿಗುತ್ತಾರೆ. ಆದರೆ ನ್ಯೂಯಾರ್ಕ್ ಜೈಂಟ್ಸ್ ಬಿಟ್ಟುಕೊಟ್ಟ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ, 2024ರ ಋತುವಿನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಪರ 2,000 ಯಾರ್ಡ್ ದಾಟಿ ತಂಡ ಸೂಪರ್ ಬೌಲ್ ಗೆಲ್ಲಲು ನೆರವಾದರು.

ಭಾರತದ ಫುಟ್‌ಬಾಲ್‌ನಲ್ಲೂ ಡ್ರಾಫ್ಟ್ ನಡೆದಿತ್ತು. 2017ರ ಜುಲೈನ ಐಎಸ್‌ಎಲ್ ಡ್ರಾಫ್ಟ್‌ನಲ್ಲಿ ಅತಿ ಹೆಚ್ಚು, ಅಂದರೆ 1.10 ಕೋಟಿ ರೂಪಾಯಿ ಬೆಲೆ ಪಡೆದವರು ಡಿಫೆಂಡರ್ ಅನಸ್ ಎಡತೊಡಿಕ ಮತ್ತು ಬೆಂಗಳೂರು ಎಫ್‌ಸಿಯಲ್ಲಿ ಆಡಿದ್ದ ಮಿಡ್‌ಫೀಲ್ಡರ್ ಯುಜಿನ್ಸನ್ ಲಿಂಗ್ಡೊ. ಗೋಲು ಹೊಡೆಯುವ ಕೆಲಸಕ್ಕೆ ತಂಡಗಳು ವಿದೇಶಿಯರನ್ನು ನೆಚ್ಚಿಕೊಂಡಿದ್ದರಿಂದ, ಭಾರತೀಯರಲ್ಲಿ ರಕ್ಷಣೆ ಮತ್ತು ಮಧ್ಯಭಾಗದವರಿಗೆ ಬೇಡಿಕೆ ಬಂತು. ವಿದೇಶಿಯರ ಮಿತಿ ಬೆಲೆಯನ್ನು ಬದಲಿಸುವ ಬಗೆ ಇಲ್ಲೂ ಅದೇ.

ಹೆಚ್ಚು ಬೆಲೆ ಎಂದರೆ ಹೆಚ್ಚು ಫಲವೇ?

ಎನ್‌ಎಫ್‌ಎಲ್ ಡ್ರಾಫ್ಟ್ ಕುರಿತು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ ನಡೆಸಿದ ಅಧ್ಯಯನ ಒಂದು ಮುಖ್ಯ ಅಂಶ ಹೇಳಿತು. ತಂಡಗಳು ಮೊದಲ ಆಯ್ಕೆಗಳಿಗೆ ಅತಿಯಾದ ಬೆಲೆ ತೆರುತ್ತವೆ, ನಿಜವಾದ ಲಾಭ ಇರುವುದು ಸ್ವಲ್ಪ ಕೆಳಗಿನ ಆಯ್ಕೆಗಳಲ್ಲಿ ಎಂಬುದು ಅದರ ಸಾರ.

ಐಪಿಎಲ್ 2025 ಕೂಡ ಅದೇ ದಿಕ್ಕಿಗೆ ಬೆರಳು ತೋರಿಸಿತು. 27 ಕೋಟಿಯ ಪಂತ್ ಇಡೀ ಟೂರ್ನಿಯಲ್ಲಿ ಗಳಿಸಿದ್ದು 269 ರನ್. 23.75 ಕೋಟಿಯ ವೆಂಕಟೇಶ್ ಅಯ್ಯರ್ 142 ರನ್. ಮರುವರ್ಷಕ್ಕೆ ಕೋಲ್ಕತ್ತಾ ವೆಂಕಟೇಶ್ ಅವರನ್ನು ಕೈಬಿಟ್ಟಿತು, ಆರ್‌ಸಿಬಿ 7 ಕೋಟಿಗೆ ಕೊಂಡಿತು.

ಚಾಂಪಿಯನ್ ಆದ ಆರ್‌ಸಿಬಿ ಜೆದ್ದಾದಲ್ಲಿ ಯಾರಿಗೂ 13 ಕೋಟಿ ಕೊಟ್ಟಿರಲಿಲ್ಲ. ಹೇಜಲ್‌ವುಡ್ 12.50, ಸಾಲ್ಟ್ 11.50, ಜಿತೇಶ್ 11, ಭುವನೇಶ್ವರ್ 10.75, ಲಿವಿಂಗ್‌ಸ್ಟನ್ 8.75, ಕೃನಾಲ್ ಪಾಂಡ್ಯ 5.75, ಟಿಮ್ ಡೇವಿಡ್ 3 ಕೋಟಿ. ಹೊಸ ಚೆಂಡಿಗೆ ಒಬ್ಬರು, ಕೊನೆಗೆ ಹೊಡೆಯಲು ಒಬ್ಬರು, ಕೀಪಿಂಗ್‌ಗೆ ಒಬ್ಬರು ಎಂದು ಪಾತ್ರಗಳ ಪಟ್ಟಿ ಹಿಡಿದು ಹಣ ಹಂಚಿದಂತೆ ಕಾಣುತ್ತದೆ. ಮೇ 27ರಂದು ಲಖನೌದಲ್ಲಿ 228 ರನ್ ಬೆನ್ನಟ್ಟುವಾಗ ಜಿತೇಶ್ 33 ಎಸೆತಗಳಲ್ಲಿ ಅಜೇಯ 85 ರನ್ ಹೊಡೆದು ತಂಡವನ್ನು ಮೊದಲ ಕ್ವಾಲಿಫೈಯರ್‌ಗೆ ಕೊಂಡೊಯ್ದರು. ಜೂನ್ 3ರಂದು ಅಹಮದಾಬಾದ್ ಫೈನಲ್‌ನಲ್ಲಿ 10 ಎಸೆತಗಳಲ್ಲಿ 24 ರನ್ ಸೇರಿಸಿದರು. ಆ ಪಂದ್ಯದಲ್ಲಿ 17 ರನ್‌ಗೆ 2 ವಿಕೆಟ್ ಪಡೆದು ಪಂದ್ಯಶ್ರೇಷ್ಠ ಎನಿಸಿದವರು 5.75 ಕೋಟಿಯ ಕೃನಾಲ್. ಪಂಜಾಬ್ 6 ರನ್‌ಗಳಿಂದ ಸೋತಿತು.

ಮುಂದಿನ ಹರಾಜು ನೋಡುವಾಗ

ಯಾವುದೇ ಆಟಗಾರನ ಹೆಸರು ಕೂಗಿದಾಗ ನಾಲ್ಕು ಪ್ರಶ್ನೆ ಕೇಳಿಕೊಂಡರೆ ಮೊತ್ತ ಎಲ್ಲಿಗೆ ನಿಲ್ಲಬಹುದು ಎಂಬ ಅಂದಾಜು ಸಿಗುತ್ತದೆ. ಈ ಪಾತ್ರಕ್ಕೆ ಪಟ್ಟಿಯಲ್ಲಿ ಇನ್ನೂ ಎಷ್ಟು ಜನ ಬಾಕಿ ಇದ್ದಾರೆ? ಇದೇ ಪಾತ್ರ ಖಾಲಿ ಇರುವ ತಂಡಗಳು ಎಷ್ಟು? ಆ ತಂಡಗಳ ಕೈಯಲ್ಲಿ ಉಳಿದಿರುವ ಹಣ ಎಷ್ಟು? ಇವನು ಬಂದರೆ ಒಂದು ವಿದೇಶಿ ಸ್ಥಾನ ಉಳಿಯುತ್ತದೆಯೇ? ಈ ಪಟ್ಟಿಯಲ್ಲಿ ಆಟಗಾರನ ಪ್ರತಿಭೆಯ ಪ್ರಶ್ನೆ ಇಲ್ಲ. ಅವನ ಹೆಸರು ಹರಾಜು ಕೋಣೆಗೆ ಬರುವಷ್ಟರಲ್ಲಿ ಅದನ್ನು ತಂಡಗಳ ಆಯ್ಕೆಗಾರರು ನೋಡಿ ಮುಗಿಸಿರುತ್ತಾರೆ.